ಓದುಗರು ಕೇಳಿದ್ದು: ಮಕ್ಕಳ ವಿಶ್ವಾಸ, ಮನೆಯ ಚಾಪೆ, ಸಂಡೇ ಸ್ಕೂಲು

ಮಕ್ಕಳಲ್ಲಿ ಕ್ರೈಸ್ತ ವಿಶ್ವಾಸ ಬೆಳೆಸುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಕುಟುಂಬ ಪ್ರಾರ್ಥನೆಯ ಸುತ್ತಲೇ ಇದ್ದುದರಿಂದ ಅದನ್ನೇ ಮೊದಲು ಎತ್ತಿಕೊಂಡಿದ್ದೇವೆ. ಉತ್ತರಿಸಿದವರು ಸಂಡೇ ಸ್ಕೂಲ್ ಶಿಕ್ಷಕರಿಗೆ ತರಬೇತಿ ಕೊಡುವ ಬಳಗದವರು. ಚರ್ಚಿನ ಪಾದ್ರಿ ಕೆಲವರಿಗೆ ಅಯ್ಯನವರು, ಕೆಲವರಿಗೆ ಫಾದರ್. ಅಲ್ಲಿಯ ಪ್ರಾರ್ಥನಾವಿಧಿ ಕೆಲವರಿಗೆ ಆರಾಧನೆ, ಕೆಲವರಿಗೆ ಬಲಿಪೂಜೆ. ಕೇಳಿದವರ ಮಾತನ್ನೇ ಉತ್ತರದಲ್ಲೂ ಇಟ್ಟಿದ್ದೇವೆ.

ರಾತ್ರಿ ಊಟವಾದ ಮೇಲೆ ನಮ್ಮಲ್ಲಿ ಕುಟುಂಬ ಪ್ರಾರ್ಥನೆ. ಯಜಮಾನರು ಒಂದು ಅಧ್ಯಾಯ ಓದಿ, ಅರ್ಥ ಹೇಳಿ, ಪ್ರಾರ್ಥನೆ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ನಾಲ್ಕು ವರ್ಷದವಳಿಗೆ ಮಡಿಲಲ್ಲೇ ನಿದ್ದೆ, ಎಂಟರವನು ಚಾಪೆಯ ಕಡ್ಡಿ ಕೀಳುತ್ತಾ ಕೂತಿರುತ್ತಾನೆ, ಹದಿಮೂರರವಳ ಮುಖ ನೋಡುವ ಹಾಗಿಲ್ಲ. ನಿಲ್ಲಿಸಿಬಿಡೋಣ ಅಂದರೆ ಭಯ. ಏನು ಮಾಡಲಿ? — ಗೃಹಿಣಿ, ದಾವಣಗೆರೆ

ನಿಲ್ಲಿಸಬೇಡಿ ಅಮ್ಮಾ, ಮೊಟಕು ಮಾಡಿ. ಮುಕ್ಕಾಲು ಗಂಟೆಯನ್ನು 12 ನಿಮಿಷಕ್ಕೆ ಇಳಿಸಿ, ಹೊತ್ತನ್ನು ಊಟಕ್ಕೆ ಮುಂಚೆ ತನ್ನಿ. ಹೊಟ್ಟೆ ತುಂಬಿದೆ, ಗಂಟೆ ಒಂಬತ್ತೂವರೆ, ಮೇಲೆ ಅಪ್ಪನ ಒಂದೇ ಸಮನೆಯ ದನಿ. ಎಚ್ಚರವಾಗಿರುವುದು ಆ ಮಗುವಿನ ಕೈಯಲ್ಲಿಲ್ಲ. ಕುಕ್ಕರ್ ಕೂಗಿ ಮುಗಿದು ಆರಲು ಬಿಟ್ಟ ಹೊತ್ತಿದೆಯಲ್ಲ, ಅದು ಹೇಳಿಮಾಡಿಸಿದ್ದು. ಅಡುಗೆ ಮಾಡುವವರಿಗೆ ಕೈ ಬಿಡುವು. ಎಲ್ಲರಿಗೂ ಸಣ್ಣಗೆ ಹಸಿವಿರುವುದರಿಂದ ಪ್ರಾರ್ಥನೆಯನ್ನು ಯಾರೂ ಎಳೆಯುವುದೂ ಇಲ್ಲ.

ಹನ್ನೆರಡು ನಿಮಿಷವನ್ನು ಹೀಗೆ ಹಂಚಿಕೊಳ್ಳಿ. ಹಾಡಿಗೆ 2 ನಿಮಿಷ: ಪಲ್ಲವಿ ಮತ್ತು ಒಂದೇ ಚರಣ, ವಾರವಿಡೀ ಅದೇ ಹಾಡು. ಓದು ಬಾರದ ಪುಟ್ಟಿಗೆ ಪ್ರಾರ್ಥನೆಯಲ್ಲಿ ಪಾಲು ಸಿಗುವುದು ಹಾಡು ಬಾಯಿಗೆ ಬಂದಾಗ ಮಾತ್ರ, ಬಾಯಿಗೆ ಬರಲು ನಾಲ್ಕೈದು ದಿನ ಬೇಕು. ದಿನಕ್ಕೊಂದು ಹೊಸ ಹಾಡಾದರೆ ಅವಳು ಎಂದಿಗೂ ಕೇಳುಗಳೇ. ಓದಿಗೆ 3 ನಿಮಿಷ, 8ರಿಂದ 10 ವಚನ. ಒಂದೇ ಒಂದು ಪ್ರಶ್ನೆ, ಅದರ ಮಾತುಕತೆಗೆ 3 ನಿಮಿಷ. ಆಮೇಲೆ ಪ್ರತಿಯೊಬ್ಬರೂ ಒಂದೊಂದು ವಾಕ್ಯದ ಪ್ರಾರ್ಥನೆ. ಕೊನೆಗೆ ಎಲ್ಲರೂ ಕೂಡಿ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ. ವಾರಕ್ಕೆ ಐದು ದಿನ ಸಾಕು. ಒಂದು ದಿನ ತಪ್ಪಿದರೆ ಮರುದಿನ ಎರಡು ಪಟ್ಟು ಮಾಡಬೇಡಿ. ಬಾಕಿ ತೀರಿಸಲು ಇದು ಕೈಸಾಲವಲ್ಲ.

ಎಲ್ಲಿಂದ ಓದಬೇಕು ಎಂಬಲ್ಲಿ ಎಷ್ಟೋ ಮನೆಗಳು ಎಡವುತ್ತವೆ. ಹೊಸ ವರ್ಷದ ದಿನ ಹುರುಪಿನಿಂದ ಆದಿಕಾಂಡ ಹಿಡಿಯುತ್ತಾರೆ. ಯೋಸೇಫನ ಕಥೆ, ಐಗುಪ್ತದ ಬಾಧೆಗಳು, ಕೆಂಪು ಸಮುದ್ರ, ಎಲ್ಲ ಸರಾಗ. ವಿಮೋಚನಕಾಂಡದ 25ನೇ ಅಧ್ಯಾಯದಲ್ಲಿ ಗುಡಾರದ ಮೊಳದಳತೆ, ಪರದೆ, ಕೊಂಡಿ, ಗೂಟಗಳ ಲೆಕ್ಕ ಶುರುವಾದ ಕೂಡಲೇ ಬಂಡಿ ಹೂತುಕೊಳ್ಳುತ್ತದೆ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. 16 ಅಧ್ಯಾಯ, ಮಾತು ಕಡಿಮೆ, ಓಡಾಟ ಹೆಚ್ಚು. ದಿನಕ್ಕೆ ಹತ್ತು ವಚನದಂತೆ, ವಾರಕ್ಕೆ ಐದು ದಿನ ಓದಿದರೆ ಸುಮಾರು ಹದಿನಾಲ್ಕು ವಾರದಲ್ಲಿ ಮುಗಿಯುತ್ತದೆ. ಆಮೇಲೆ ರೂತ್ ಮತ್ತು ಯೋನ, ತಲಾ ನಾಲ್ಕೇ ಅಧ್ಯಾಯ.

ಮಾರ್ಕನ ಎರಡನೇ ಅಧ್ಯಾಯದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಮಾಳಿಗೆ ಬಿಚ್ಚಿ ಕೆಳಗಿಳಿಸುತ್ತಾರೆ. ಬಳ್ಳಾರಿ, ರಾಯಚೂರು ಕಡೆಯ ಮಣ್ಣಿನ ಮಾಳಿಗೆ ಮನೆ ನೋಡಿದ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಆರ್‌ಸಿಸಿ ಮನೆಯ ಮಕ್ಕಳು ಮಾತ್ರ 'ಸೂರನ್ನು ಹೇಗೆ ಬಿಚ್ಚಿದರು?' ಎಂದು ಕೇಳೇ ಕೇಳುತ್ತಾರೆ. ಅಂದು ಒಂದು ಟವೆಲ್ ಹಾಸಿ, ನಡುವೆ ಗೊಂಬೆ ಮಲಗಿಸಿ. ನಿಮ್ಮದು ಐವರ ಮನೆ: ಒಬ್ಬರು ಓದಲಿ, ನಾಲ್ವರು ನಾಲ್ಕು ತುದಿ ಹಿಡಿದು ಮಂಚದ ಎತ್ತರದಿಂದ ನೆಲಕ್ಕೆ ಇಳಿಸಲಿ. ಒಬ್ಬರ ಕೈ ಸಡಿಲವಾದರೂ ಗೊಂಬೆ ಆ ಕಡೆಗೆ ಉರುಳುತ್ತದೆ. ಎಂಟರ ಹುಡುಗ ಬೇಕೆಂತಲೇ ಒಮ್ಮೆ ಉರುಳಿಸುತ್ತಾನೆ, ಉರುಳಿಸಲಿ. ಈಗ ಐದನೇ ವಚನ ಓದಿ. ಯೇಸು ನೋಡಿದ್ದು 'ಅವರ' ನಂಬಿಕೆಯನ್ನು. ಅವರ ಅಂದರೆ ಯಾರದು? ಹೊತ್ತ ನಾಲ್ವರದೋ, ಮಲಗಿದ್ದವನದೂ ಸೇರಿಯೋ? ಈ ಪ್ರಶ್ನೆಗೆ ಅಪ್ಪನ ಬಳಿಯೂ ಸಿದ್ಧ ಉತ್ತರ ಇರುವುದಿಲ್ಲ, ಹಾಗಾಗಿಯೇ ಹದಿಮೂರರವಳು ಬಾಯಿ ಬಿಡುತ್ತಾಳೆ. 'ಇದರಿಂದ ನಾವು ಕಲಿತ ಪಾಠವೇನು?' ಎಂದು ಕೇಳಿದ್ದರೆ 'ಅಪ್ಪ ಅಮ್ಮನ ಮಾತು ಕೇಳಬೇಕು' ಎಂಬ ಉತ್ತರ ಬರುತ್ತಿತ್ತು. ನೋಹನ ಕಥೆಗೂ ಅದೇ ಉತ್ತರ, ದಾವೀದನ ಕಥೆಗೂ ಅದೇ.

ದೊಡ್ಡ ಮಗಳಿಗೆ ಓದುವ ಕೆಲಸ ವಹಿಸಿ. ಪ್ರಾರ್ಥಿಸಲು ಮನಸ್ಸಿಲ್ಲದ ದಿನ 'ಆಮೆನ್' ಅಂದರೆ ಸಾಕು ಎಂಬ ಸಲಿಗೆ ಇರಲಿ. ಇನ್ನೊಂದು ಸೂಕ್ಷ್ಮ: 'ಕರ್ತನೇ, ಈ ಹುಡುಗನಿಗೆ ಓದಿನಲ್ಲಿ ಗಮನ ಕೊಡು, ಸುಳ್ಳು ಹೇಳುವ ಬುದ್ಧಿ ಬಿಡಿಸು' ಎಂದು ಎಲ್ಲರ ಮುಂದೆ ಪ್ರಾರ್ಥಿಸುವುದು ಕಣ್ಣು ಮುಚ್ಚಿಕೊಂಡು ಬೈದಂತೆ. ಮಗುವಿಗೆ ಅದು ಚೆನ್ನಾಗಿ ತಿಳಿಯುತ್ತದೆ. ಎದುರು ಮಾತಾಡಲು ಮಾತ್ರ ಆಗುವುದಿಲ್ಲ.

ಯಜಮಾನರಿಗೆ ಹೇಳುವುದು ಹೇಗೆ? ಎರಡು ವಾರ ಹೀಗೆ ಮಾಡಿ ನೋಡೋಣ ಎನ್ನಿ. ಅಧ್ಯಾಯವನ್ನು ಅವರು ಬೆಳಿಗ್ಗೆ ಒಬ್ಬರೇ ಕೂತು ಓದಲಿ. ಅಪ್ಪ ಯಾರಿಗೂ ಹೇಳಿಕೊಡದೆ ತನಗಾಗಿ ಸತ್ಯವೇದ (ಬೈಬಲ್) ಓದುವುದನ್ನು ಮಕ್ಕಳು ಕಂಡರೆ, ರಾತ್ರಿಯ ಅರ್ಧ ಗಂಟೆ ವಿವರಣೆಗಿಂತ ಅದು ಹೆಚ್ಚು ನಾಟುತ್ತದೆ.

ಮಗಳು ಆರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡುತ್ತಾಳೆ, ಓದುವುದು ಅಕ್ಷರ ಕೂಡಿಸಿಕೊಂಡು. ನಮ್ಮದು ಕನ್ನಡ ಆರಾಧನೆಯ ಸಭೆ. ಸತ್ಯವೇದ ಕೈಗೆ ಕೊಟ್ಟರೆ ಮುಚ್ಚಿಡುತ್ತಾಳೆ. ಇಂಗ್ಲಿಷ್ ಆರಾಧನೆಗೆ ಹೋಗಿಬಿಡೋಣ ಎನ್ನುತ್ತಾರೆ ಮನೆಯವರು. — ತಂದೆ, ಬೆಂಗಳೂರು

ಇಲ್ಲಿರುವುದು ಒಂದಲ್ಲ, ಎರಡು ತೊಡಕು. ಒಂದು ಲಿಪಿ, ಇನ್ನೊಂದು ಭಾಷೆ. ಲಿಪಿ ಕಲಿಸಿದರೆ ಭಾಷೆಯೂ ಬಂತು ಎಂದುಕೊಳ್ಳುವುದರಿಂದಲೇ ಕೆಲಸ ಕೆಡುತ್ತದೆ. ಪೂರ್ತಿ ಸತ್ಯವೇದ ಕನ್ನಡದಲ್ಲಿ ಮೊದಲು ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯ ಮಿಷನರಿಗಳ ಶ್ರಮದಿಂದ. ಆಮೇಲೆ ಪರಿಷ್ಕರಣೆಗಳಾಗಿವೆ ನಿಜ, ಆದರೂ ಸಭೆಗಳಲ್ಲಿ ಓದುವ ಮಾತು ಇವತ್ತಿಗೂ ಗ್ರಂಥದ ಕನ್ನಡವೇ. ಮನೆಯಲ್ಲಿ ಅಪ್ಪಟ ಕನ್ನಡ ಆಡುವ ಹುಡುಗಿಗೂ ಅದು ಅರ್ಧ ಪರಭಾಷೆ.

ಕರ್ತನ ಪ್ರಾರ್ಥನೆಯಿಂದಲೇ ಶುರುಮಾಡಿ. ಅದು ಅವಳಿಗೆ ಬಾಯಲ್ಲಿದೆ, ಕಿವಿಯಲ್ಲಿದೆ, ಆದರೆ ಏನು ಹೇಳುತ್ತಿದ್ದೇನೆಂದು ಗೊತ್ತಿಲ್ಲ. 'ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ' ಎಂಬುದನ್ನು ಮೆಲ್ಲಗೆ ಹೇಳಿಸಿ ನೋಡಿ. ಬಹಳ ಮಕ್ಕಳ ಬಾಯಲ್ಲಿ ಅದು 'ಇಳಿಸಲ್ಪಡಲಿ' ಆಗಿರುತ್ತದೆ. ಪ್ರಾರ್ಥನೆಯನ್ನು ಎಂಟು ತುಂಡು ಮಾಡಿ, ವಾರಕ್ಕೊಂದು ತುಂಡು. ಅರ್ಧ ಹಾಳೆ ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಿಂದ, ಒಂದು ಅಂಗುಲ ಎತ್ತರದ ಅಕ್ಷರದಲ್ಲಿ ಅವಳೇ ಬರೆಯಲಿ. ಒತ್ತಕ್ಷರಗಳನ್ನು ಬೇರೆ ಬಣ್ಣದಲ್ಲಿ ಬರೆಸಿ. ಇಂಗ್ಲಿಷ್ ಮೀಡಿಯಂ ಮಕ್ಕಳು ನಿಲ್ಲುವುದು ಅಲ್ಲೇ. 'ಶುದ್ಧ'ದ ಒತ್ತು, 'ರಾಜ್ಯ'ದ ಒತ್ತು, 'ಚಿತ್ತ'ದ ಒತ್ತು. ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೋ ಕನ್ನಡಿಯ ಪಕ್ಕಕ್ಕೋ ಅಂಟಿಸಿ.

ಮಾತಿನ ಅರ್ಥ ಹೇಳುವಾಗ ನಿಘಂಟು ತೆಗೆಯಬೇಡಿ, ಅವಳಾಡುವ ಕನ್ನಡಕ್ಕೆ ಗಂಟು ಹಾಕಿ. 'ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು.' ಈ ಹೊತ್ತು ಅಂದರೆ ಏನು? ಬೇಗ ಬೇಗ ನಾಲ್ಕು ಸಲ ಹೇಳಿಸಿ: ಈ ಹೊತ್ತು, ಈಹೊತ್ತು, ಇವೊತ್ತು, ಇವತ್ತು. ಆ ಮಾತು ಅವಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ! ಅನುದಿನ ಅಂದರೆ ದಿನಾಲೂ. ನಾಳೆಯದಲ್ಲ, ತಿಂಗಳ ರೇಷನ್ನಲ್ಲ, ಇವತ್ತಿನ ಊಟ. ಚಿತ್ತ ಅಂದರೆ ಮನಸ್ಸು, ಇಷ್ಟ. 'ಶೋಧನೆ' ಬಂದಾಗ ಎಚ್ಚರ. ಶಾಲೆಯಲ್ಲಿ 'ಸಂಶೋಧನೆ' ಎಂಬುದು ಒಳ್ಳೆಯ ಮಾತು ಎಂದು ಕಲಿತ ಮಗು, ಶೋಧನೆಯೊಳಗೆ ಸೇರಿಸಬೇಡ ಎಂದು ದೇವರನ್ನು ಯಾಕೆ ಬೇಡಬೇಕು ಎಂದು ತಬ್ಬಿಬ್ಬಾಗುತ್ತದೆ. ತಪ್ಪು ಮಾಡುವ ಹಾಗೆ ಒಳಗಿಂದ ಎಳೆಯುವ ಆಸೆ, ನಿಂತ ನೆಲ ಗಟ್ಟಿಯೋ ಎಂದು ನೋಡುವ ಪರೀಕ್ಷೆ ಎಂದು ಬಿಡಿಸಿ ಹೇಳಿ.

ಎಂಟು ವಾರವಾದ ಮೇಲೆ ಎರಡೇ ವಚನದ 117ನೇ ಕೀರ್ತನೆ, ಆಮೇಲೆ ಆರು ವಚನದ 23ನೆಯದು. ಮೊಬೈಲಿನಲ್ಲಿ ಕನ್ನಡ ಸತ್ಯವೇದದ ಧ್ವನಿ ಉಚಿತವಾಗಿ ಸಿಗುತ್ತದೆ. ಮೊದಲು ಕೇಳಿಸಿ, ಎರಡನೇ ಸಲ ಕೇಳುತ್ತಾ ಬೆರಳಿಟ್ಟು ಸಾಲು ಹಿಂಬಾಲಿಸಲಿ, ಮೂರನೇ ಸಲ ತಾನೇ ಓದಲಿ. ಹಾಡಿನ ಆಯ್ಕೆಯಲ್ಲೂ ಜಾಣತನ ಬೇಕು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂಡಿಸಿದ ಸಂಗೀತಗಳು ಗಂಭೀರವಾಗಿವೆ, ಆದರೆ ರಾಗ ಎಳೆದ ಕಡೆ ಪದ ಮುರಿಯುವುದರಿಂದ ಓದು ಕಲಿಯುವ ಮಗುವಿಗೆ ಕಷ್ಟ. ನಮ್ಮ ದೇಶಿ ಮಟ್ಟಿನ ಭಜನೆಗಳಲ್ಲಿ ಪದ ಪದವಾಗಿಯೇ ಉಳಿಯುತ್ತದೆ.

ಸಭೆ ಬದಲಿಸುವ ವಿಚಾರ: ಭಾಷೆಯೊಂದೇ ಕಾರಣವಾದರೆ ಬೇಡ. ಅಜ್ಜಿ ಹಾಡುವ ಹಾಡು ಮೊಮ್ಮಗಳಿಗೆ ತಿಳಿಯದೆ ಹೋದರೆ ಮನೆಯೊಳಗೇ ಎರಡು ಸಭೆಯಾಗುತ್ತದೆ. ಹಾಗಂತ ಅವಳ ಸ್ವಂತ ಓದನ್ನು ಕನ್ನಡಕ್ಕೆ ಕಟ್ಟಿಹಾಕಬೇಡಿ. ದಿಂಬಿನ ಪಕ್ಕದಲ್ಲಿ ಇಂಗ್ಲಿಷ್ ಬೈಬಲ್ ಇರಲಿ. ಗುಟ್ಟಾಗಿ ಮಾಡುವ ಪ್ರಾರ್ಥನೆ ಯಾವ ಭಾಷೆಯಲ್ಲಿ ಬರುತ್ತದೋ ಬರಲಿ.

ಸಣ್ಣ ಸಭೆ ನಮ್ಮದು. 3ರಿಂದ 14 ವಯಸ್ಸಿನ 25 ಮಕ್ಕಳು, ಒಂದೇ ಹಾಲ್, ಶಿಕ್ಷಕಿಯರು ನಾವಿಬ್ಬರೇ. ಗದ್ದಲವೋ ಗದ್ದಲ. ಬಾಯಿಪಾಠ ವಚನಕ್ಕೆ ಪ್ರತಿ ವಾರ ಬಹುಮಾನ ಕೊಡುತ್ತೇವೆ, ಮುಂದಿನ ತಿಂಗಳು ಕೇಳಿದರೆ ಒಬ್ಬರಿಗೂ ನೆನಪಿಲ್ಲ. — ಸಂಡೇ ಸ್ಕೂಲ್ ಟೀಚರ್, ಬೀದರ್ ಜಿಲ್ಲೆ

ಮೂರು ವರ್ಷದವರಿಗೂ ಹದಿನಾಲ್ಕರವರಿಗೂ ಒಂದೇ ಕಥೆಯನ್ನು ಅರ್ಧ ಗಂಟೆ ಹೇಳಿದರೆ ಗದ್ದಲವಾಗದೆ ಇನ್ನೇನಾಗುತ್ತದೆ ಟೀಚರ್! ಒಂದು ಗಂಟೆಯಲ್ಲಿ ಮೊದಲ 15 ನಿಮಿಷ ಮಾತ್ರ ಎಲ್ಲರೂ ಒಟ್ಟಿಗೆ: ಹಾಡು, ಹಾಜರಿ, ಹೋದ ವಾರದ ವಚನ. ಆಮೇಲೆ ಹಾಲಿನ ಎರಡು ಮೂಲೆಗಳಲ್ಲಿ ಎರಡು ಬಣ್ಣದ ಜಮಖಾನೆ, ಏಳು ವರ್ಷದೊಳಗಿನವರು ಒಂದರ ಮೇಲೆ, ಉಳಿದವರು ಇನ್ನೊಂದರ ಮೇಲೆ. ಎರಡೂ ಗುಂಪು ಬೆನ್ನಿಗೆ ಬೆನ್ನು ಹಾಕಿ ಕೂರಬೇಕು, ಎದುರುಬದುರಾದರೆ ಮುಗಿಯಿತು. ಚಿಕ್ಕವರ ಕಥೆ 5 ನಿಮಿಷ ದಾಟಬಾರದು, ದೊಡ್ಡವರದು 12. ಉಳಿದ ಹೊತ್ತು ಕೈಗೆ ಕೆಲಸ. ಹನ್ನೆರಡು ದಾಟಿದ ನಾಲ್ಕೈದು ಮಂದಿಯನ್ನು ಚಿಕ್ಕವರ ಸಹಾಯಕ್ಕೆ ಹಾಕುವುದು ಸುಲಭದ ದಾರಿ, ಆದರೆ ಪ್ರತಿ ವಾರ ಹಾಗೆ ಮಾಡಿದರೆ ಅವರ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಎರಡು ವಾರಕ್ಕೊಮ್ಮೆಯಾದರೂ ಅಯ್ಯನವರೋ ಹಿರಿಯರೊಬ್ಬರೋ ಅವರ ಜೊತೆ 20 ನಿಮಿಷ ಕೂರಲಿ.

ಕೈಗೆ ಕೆಲಸ ಅಂದರೆ ಬಣ್ಣ ತುಂಬುವ ಚಿತ್ರವೇ ಆಗಬೇಕಿಲ್ಲ. ಮಾರ್ಕ 4ರ ಸಾಸಿವೆ ಕಾಳಿನ ಸಾಮ್ಯಕ್ಕೆ ಒಗ್ಗರಣೆ ಡಬ್ಬಿಯ ಸಾಸಿವೆ ತನ್ನಿ. ಪ್ರತಿ ಅಂಗೈಗೆ ಒಂದೇ ಕಾಳು. ಮುಷ್ಟಿ ಮುಚ್ಚಿ ತೆರೆದು ಹುಡುಕಲಿ; ಬೆವರಿಗೆ ಅಂಟಿಕೊಂಡಿರುತ್ತದೆ, ಇಲ್ಲವೇ ಬೆರಳ ಸಂದಿಯಲ್ಲಿ ಕಳೆದೇ ಹೋಗಿರುತ್ತದೆ. ಎಷ್ಟು ಸಣ್ಣದು ಎಂದು ನೀವು ಹೇಳಬೇಕಾಗಿಲ್ಲ. ಆಮೇಲೆ ತಳಕ್ಕೆ ತೂತು ಮಾಡಿದ ತೆಂಗಿನ ಕರಟದಲ್ಲಿ ಮಣ್ಣು ತುಂಬಿ, ಐದಾರು ಕಾಳು ಉದುರಿಸಿ, ಮೇಲೆ ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಿ. ದಿನಕ್ಕೆರಡು ಸಲ ನೀರು ಚಿಮುಕಿಸಿದರೆ ಮೂರರಿಂದ ಐದು ದಿನದಲ್ಲಿ ಮೊಳಕೆ, ಮುಂದಿನ ಭಾನುವಾರಕ್ಕೆ ಎರಡೆಲೆ. ತೂತಿಲ್ಲದಿದ್ದರೆ ನೀರು ನಿಂತು ಕಾಳು ಕೊಳೆಯುತ್ತದೆ. ಮನೆಗೆ ಕೊಟ್ಟುಕಳಿಸಿದ್ದು ಒಣಗಿಹೋದ ಮಗು ಅಳುತ್ತಾ ಬರುತ್ತದೆ, ಅದಕ್ಕೆಂದು ನಿಮ್ಮ ಬಳಿ ನಾಲ್ಕು ಕರಟ ಹೆಚ್ಚುವರಿ ಇರಲಿ.

ಬಾಯಿಪಾಠಕ್ಕೆ ಬರೋಣ. ವಾರಕ್ಕೊಂದು ವಚನ ಹೆಚ್ಚಾಯಿತು, ತಿಂಗಳಿಗೆ ಎರಡು ಸಾಕು, ಎಂಟರಿಂದ ಹನ್ನೆರಡು ಪದದೊಳಗಿನದು. ಬೋರ್ಡಿನ ಮೇಲೆ ಬರೆದು ಎಲ್ಲರೂ ಓದಲಿ, ಒಂದು ಪದ ಒರೆಸಿ, ಮತ್ತೆ ಓದಲಿ, ಇನ್ನೊಂದು ಒರೆಸಿ. ಬೋರ್ಡು ಖಾಲಿಯಾಗುವಷ್ಟರಲ್ಲಿ ಬಾಯಿಗೆ ಬಂದಿರುತ್ತದೆ. ಕೂತಲ್ಲೇ ಒಮ್ಮೆಗೆ ಇಪ್ಪತ್ತು ಸಲ ಹೇಳಿಸಿದ್ದು ನಿಲ್ಲುವುದಿಲ್ಲ. ಅಂದೇ ರಾತ್ರಿ, ಬುಧವಾರ, ಮುಂದಿನ ಭಾನುವಾರ, ತಿಂಗಳ ಕೊನೆ, ಹೀಗೆ ಬಿಟ್ಟು ಬಿಟ್ಟು ನೆನಪಿಸಿದ್ದು ನಿಲ್ಲುತ್ತದೆ. ಅದಕ್ಕೇ ವಚನವನ್ನು ಚೀಟಿಯಲ್ಲಿ ಬರೆದು ಮನೆಗೆ ಕಳಿಸಿ, ಕುಟುಂಬ ಪ್ರಾರ್ಥನೆಯಲ್ಲಿ ವಾರಕ್ಕೆರಡು ಸಲ ಅದನ್ನೇ ಹೇಳಿಸಲು ತಂದೆತಾಯಿಗೆ ತಿಳಿಸಿ. ಬಹುಮಾನ ನಿಲ್ಲಿಸಿ. ಪ್ರತಿ ಸಲ ಗೆಲ್ಲುವುದು ಅದೇ ಮೂವರು, ಉಳಿದ ಇಪ್ಪತ್ತೆರಡು ಮಂದಿ ಕಲಿಯುವುದು ತಾವು ಸೋಲುವವರು ಎಂಬುದನ್ನು. ತರಗತಿ ಪೂರ್ತಿ ಹೇಳಿದ ದಿನ ಎಲ್ಲರಿಗೂ ಒಂದೊಂದು ಕಡಲೆ ಮಿಠಾಯಿ ಕೊಡಿ. ಕಲಿತವರು ಕಲಿಯದವರಿಗೆ ತಾವೇ ಹೇಳಿಕೊಡುತ್ತಾರೆ.

ನೀವು ಕೇಳದ ಒಂದು ಮಾತು. ಯಾವ ಮಗುವಿನ ಜೊತೆಗೂ ದೊಡ್ಡವರು ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಕೂಡದು. ಶಿಕ್ಷಕರಾಗಲಿ, ಅಯ್ಯನವರಾಗಲಿ, ವಿಬಿಎಸ್‌ಗೆ (ರಜೆಯ ಬೈಬಲ್ ಶಾಲೆಗೆ) ಬಂದ ಅತಿಥಿಯಾಗಲಿ. ಇಬ್ಬರು ದೊಡ್ಡವರು, ತೆರೆದ ಬಾಗಿಲು. ಹಾಜರಿ ಪುಸ್ತಕದಲ್ಲಿ ಪೋಷಕರ ಫೋನ್ ನಂಬರ್, ಕರೆದೊಯ್ಯಲು ಬರುವವರು ಯಾರೆಂಬ ಗುರುತು ಇರಲಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಹಿರಿಯರ ಸಮಿತಿಯಲ್ಲಿ ಕೂತು 'ಸಭೆಯ ಮಾನ' ಎಂದು ರಾಜಿ ಮಾಡಿಸುವ ಅಧಿಕಾರ ಯಾರಿಗೂ ಇಲ್ಲ.

ನಮ್ಮತ್ತೆ ಆಸ್ಪತ್ರೆಯಲ್ಲಿದ್ದಾಗ ಆರು ವರ್ಷದ ಮಗ ದಿನಾ ಪ್ರಾರ್ಥನೆ ಮಾಡಿದ. ಅವರು ತೀರಿಕೊಂಡರು. 'ಯೇಸಪ್ಪ ಕೇಳಲೇ ಇಲ್ಲ' ಎನ್ನುತ್ತಾನೆ. ಈಗ ಪ್ರಾರ್ಥನೆಗೆ ಕೂರುವುದಿಲ್ಲ. — ತಾಯಿ, ಮೈಸೂರು

ಅವನ ಮಾತನ್ನು ತಿದ್ದಲು ಹೋಗಬೇಡಿ. ಅದೂ ಪ್ರಾರ್ಥನೆಯೇ. 13ನೇ ಕೀರ್ತನೆ ತೆಗೆದು ಓದಿ: ದೇವರು ತನ್ನನ್ನು ಮರೆತನೇ, ಎಷ್ಟರವರೆಗೆ ಹೀಗೆ ಎಂದು ಕೇಳುತ್ತಲೇ ಅದು ಶುರುವಾಗುತ್ತದೆ. ದೇವರ ಮೇಲೆ ಸಿಟ್ಟಾದವರ ಮಾತಿಗೂ ಸತ್ಯವೇದದಲ್ಲಿ ಜಾಗವಿದೆ ಎಂಬುದು ಅವನಿಗೆ ತಿಳಿಯಲಿ.

ಸಮಾಧಾನಕ್ಕೆಂದು ಆಡುವ ಮೂರು ಮಾತು ಈ ವಯಸ್ಸಿನಲ್ಲಿ ಅಪಾಯ. 'ಅಜ್ಜಿ ನಿದ್ದೆ ಮಾಡ್ತಿದ್ದಾರೆ' ಎಂದರೆ ರಾತ್ರಿ ಮಲಗಲು ಹೆದರುತ್ತಾನೆ. 'ಒಳ್ಳೆಯವರು ಅಂತ ದೇವರು ಬೇಗ ಕರೆಸಿಕೊಂಡ' ಎಂದರೆ ಒಳ್ಳೆಯವನಾಗಲು ಹೆದರುತ್ತಾನೆ. 'ಇನ್ನೂ ನಂಬಿಕೆಯಿಂದ ಪ್ರಾರ್ಥಿಸಬೇಕಿತ್ತು' ಎಂದು ನೆಂಟರು ಯಾರಾದರೂ ಅಂದರಂತೂ, ಅಜ್ಜಿ ಸತ್ತದ್ದು ತನ್ನಿಂದಲೇ ಎಂಬ ಭಾರವನ್ನು ಮಗು ಯಾರಿಗೂ ಹೇಳದೆ ಹೊರುತ್ತದೆ. ಅಂಥ ನೆಂಟರನ್ನು ಅಲ್ಲೇ ತಡೆಯಿರಿ. 'ಅಜ್ಜಿಯ ದೇಹ ಕೆಲಸ ನಿಲ್ಲಿಸಿತು, ಅವರು ಸತ್ತುಹೋದರು. ನಾವು ಕೇಳಿಕೊಂಡದ್ದು ಯಾಕೆ ಆಗಲಿಲ್ಲ ಅಂತ ನನಗೂ ಗೊತ್ತಿಲ್ಲ. ಅವರು ಯೇಸುವಿನ ಹತ್ತಿರ ಇದ್ದಾರೆ ಅಂತ ನಂಬಿದ್ದೇನೆ. ನನಗೂ ಅಳು ಬರುತ್ತೆ.' ಇಷ್ಟೇ ಹೇಳಿ. ಲಾಜರನ ಸಮಾಧಿಯ ಬಳಿ ಯೇಸುವೇ ಅತ್ತದ್ದು ಯೋಹಾನ 11ರಲ್ಲಿದೆ, ಅದನ್ನೂ ಓದಿ. ಸಮಾಧಿಗೆ ಕರೆದುಕೊಂಡು ಹೋಗಿ, ಹೂವು ಅವನೇ ಇಡಲಿ. ಪ್ರಾರ್ಥನೆಗೆ ಕೂರು ಎಂದು ಒತ್ತಾಯ ಬೇಡ, ಪಕ್ಕದಲ್ಲಿ ಆಡಿಕೊಂಡಿರಲಿ. ಕಿವಿ ಇತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಊಟ, ನಿದ್ದೆ, ಶಾಲೆ ಮೂರೂ ಕೆಟ್ಟಿದ್ದರೆ ಮಕ್ಕಳ ಆಪ್ತ ಸಮಾಲೋಚಕರನ್ನು ಕಾಣಿ.

ಮಗನಿಗೆ ಹದಿನೈದು, ಎಸ್ಸೆಸ್ಸೆಲ್ಸಿ. ಚರ್ಚಿಗೆ ಬರುವುದಿಲ್ಲ ಎನ್ನುತ್ತಾನೆ. ಮುಂದಿನ ವರ್ಷ ದೃಢೀಕರಣ. ಹೊಡೆಯುವ ವಯಸ್ಸಲ್ಲ. — ತಂದೆ, ಹುಬ್ಬಳ್ಳಿ

ಹೊಡೆಯುವ ವಯಸ್ಸು ಮೊದಲೂ ಇರಲಿಲ್ಲ. ಬಾರದಿರುವುದು ಯಾತಕ್ಕೆ ಎಂಬುದನ್ನು ಮೊದಲು ಬೇರ್ಪಡಿಸಿ: ಭಾನುವಾರದ ಟ್ಯೂಷನ್ನೋ, ಶನಿವಾರ ರಾತ್ರಿ ಒಂದು ಗಂಟೆವರೆಗಿನ ಮೊಬೈಲೋ, ಅಲ್ಲಿ ಅವನ ವಾರಗೆಯವರು ಯಾರೂ ಇಲ್ಲವೋ, ನಿಜವಾಗಿಯೂ ನಂಬಿಕೆಯ ಪ್ರಶ್ನೆಯೋ. ನಾಲ್ಕಕ್ಕೂ ಮದ್ದು ಬೇರೆ ಬೇರೆ. ಇನ್ನೊಂದು ಕಾರಣ ಮನೆಯಲ್ಲೇ ಇರುತ್ತದೆ. ಭಾನುವಾರ ಮಧ್ಯಾಹ್ನ ಬಿರಿಯಾನಿಯ ಜೊತೆ ಅಯ್ಯನವರ ಪ್ರಸಂಗವನ್ನೂ ಕಮಿಟಿಯ ಜಗಳವನ್ನೂ ನಂಜಿಕೊಂಡು ತಿನ್ನುವ ಮನೆಯಲ್ಲಿ ಬೆಳೆದ ಹುಡುಗ, ಅಂಥ ಕಡೆ ನಾನ್ಯಾಕೆ ಬರಲಿ ಎಂದರೆ ತಪ್ಪೇನು?

ಹತ್ತನೇ ತರಗತಿ ಎಂದು ನಾವೇ ಮಕ್ಕಳನ್ನು ವರ್ಷವಿಡೀ ಆರಾಧನೆಯಿಂದ ಬಿಡಿಸುತ್ತೇವೆ. ಪರೀಕ್ಷೆಯ ಮುಂಚಿನ ಭಾನುವಾರ ಹಾಲ್ ಟಿಕೆಟ್ ಹಿಡಿದು ಪ್ರಾರ್ಥನೆಗೆ ಕರೆತರುತ್ತೇವೆ. ದೇವರೆಂದರೆ ಪರೀಕ್ಷಾ ಮಂಡಳಿಯ ಒಂದು ವಿಭಾಗ ಎಂದು ಮಗು ತಿಳಿದರೆ ಕಲಿಸಿದವರು ನಾವು. ವಾರಕ್ಕೆ ಒಂದೂವರೆ ಗಂಟೆ ಆರಾಧನೆಯಿಂದ ಯಾರ ಅಂಕವೂ ಇಳಿಯುವುದಿಲ್ಲ.

ಹುಡುಗನಿಗೆ ಕೆಲಸ ಕೊಡಿಸಿ, ಅಲಂಕಾರದ್ದಲ್ಲ, ಅವನಿಲ್ಲದಿದ್ದರೆ ನಿಲ್ಲುವಂಥದ್ದು: ಸೌಂಡ್ ಮಿಕ್ಸರ್, ಪ್ರೊಜೆಕ್ಟರಿನಲ್ಲಿ ಹಾಡಿನ ಸಾಲು ಸರಿಸುವುದು, ತಿಂಗಳಿಗೊಮ್ಮೆ ವೇದಪಾಠ ಓದುವುದು. ಓದುವುದಿದ್ದರೆ ಬುಧವಾರವೇ ಪಾಠ ಕೈಗೆ ಸಿಗಬೇಕು. ಭಾನುವಾರ ಬೆಳಿಗ್ಗೆ ಹಿಡಿಸಿದರೆ ತಡವರಿಸುತ್ತಾನೆ, ಇನ್ನೊಮ್ಮೆ ಮೇಲೇರುವುದಿಲ್ಲ. ತಂದೆತಾಯಿಯಲ್ಲದ ಒಬ್ಬ ದೊಡ್ಡವರು, ಯುವಜನ ಕೂಟದ ಅಣ್ಣನೋ ಗಾಯನ ಬಳಗದ ಅಂಕಲ್ಲೋ, ಅವನ ಹೆಸರು ತಿಳಿದು ಮಾತಾಡಿಸುವವರಿರಬೇಕು.

ದೃಢೀಕರಣವನ್ನು ಒಂದು ವರ್ಷ ಮುಂದೂಡಿದರೆ ಆಕಾಶ ಬೀಳುವುದಿಲ್ಲ. ಅದು ಚಿಕ್ಕಂದಿನ ದೀಕ್ಷಾಸ್ನಾನದಲ್ಲಿ ನೀವು ಅವನ ಪರವಾಗಿ ಒಪ್ಪಿಕೊಂಡ ನಂಬಿಕೆಯನ್ನು ಅವನೇ ಬಾಯಿಬಿಟ್ಟು ಒಪ್ಪಿಕೊಳ್ಳುವ ದಿನ. ಹೊಸ ಸೂಟಿಗೂ ಫೋಟೋಕ್ಕೂ ಒಪ್ಪಿಕೊಂಡರೆ ಏನು ಬಂತು? ತರಗತಿಯಲ್ಲಿ ಪ್ರಶ್ನೆ ಕೇಳುವ ಅವಕಾಶ ಇದೆಯೇ ಎಂದು ಅಯ್ಯನವರನ್ನು ವಿಚಾರಿಸಿ. ಹನ್ನೆರಡರ ಯೇಸುವನ್ನು ತಂದೆತಾಯಿ ಮೂರು ದಿನದ ಮೇಲೆ ದೇವಾಲಯದಲ್ಲಿ ಕಂಡಾಗ ಆತ ಬೋಧಕರ ನಡುವೆ ಕೂತು ಕೇಳುತ್ತಾ, ಪ್ರಶ್ನೆ ಹಾಕುತ್ತಾ ಇದ್ದ ಎಂದು ಲೂಕ ಬರೆಯುತ್ತಾನೆ.

ಮಂಗಳೂರಿನವರು, ಈಗ ದುಬೈಯಲ್ಲಿ. ಮಕ್ಕಳಿಗೆ ಮೊಂತಿ ಫೆಸ್ತ್ (ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ) ಅಂದರೆ ಫೋಟೋ ಮಾತ್ರ. ಇಲ್ಲಿ ತೆನೆ ಎಲ್ಲಿಂದ ತರುವುದು? — ತಾಯಿ, ದುಬೈ

ತೆನೆಗಿಂತ ಮುಂಚೆ ಹೂವು. ಹಬ್ಬ ಸೆಪ್ಟೆಂಬರ್ 8ಕ್ಕೆ, ಒಂಬತ್ತು ದಿನದ ಪ್ರಾರ್ಥನೆಯಾದ ನೊವೆನಾ ಆಗಸ್ಟ್ 30ಕ್ಕೇ ಶುರು. ಮಕ್ಕಳ ಪಾಲಿಗೆ ಹಬ್ಬವೆಂದರೆ ಆ ಒಂಬತ್ತು ದಿನ ಬಾಲ ಮರಿಯಮ್ಮನಿಗೆ ಹೂವು ಕೊಡುವುದೇ. ಮನೆಯ ಪೀಠದ ಮುಂದೆ ದಿನಕ್ಕೊಂದು ಹಿಡಿ ಹೂವು, ಮಗುವೇ ತಂದದ್ದು. ಬಾಲ್ಕನಿಯ ಕುಂಡದ್ದಾದರೂ ಸರಿ, ಒಂಬತ್ತೂ ದಿನ ಗುಲಾಬಿ ಕೊಳ್ಳಬೇಡಿ. ಆಶೀರ್ವದಿಸಿದ ಹೊಸ ಭತ್ತದ ಕಾಳನ್ನು ಊರಿಂದ ಪರವೂರಿನ ಮನೆಯವರಿಗೆ ಕವರಿನಲ್ಲಿ ಕಳಿಸುವ ವಾಡಿಕೆ ಇದ್ದೇ ಇದೆ, ಬರುವವರ ಕೈಯಲ್ಲಿ ನಾಲ್ಕು ಕಾಳು ತರಿಸಿ. ಸಿಪ್ಪೆ ಸುಲಿಯುವ ಕೆಲಸ ಮಕ್ಕಳ ಉಗುರಿಗೆ ಬಿಡಿ, ಪುಡಿಮಾಡಿ ತೆಂಗಿನ ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಟ್ಟಿಗೆ ಸವಿಯಿರಿ. ಆ ದಿನ ಮೀನು ಮಾಂಸ ಇಲ್ಲದ ಊಟ ಯಾಕೆ, ಪಲ್ಯಗಳ ಲೆಕ್ಕ ಮೂರು, ಐದು, ಏಳು ಎಂದು ಬೆಸವೇ ಯಾಕೆ ಎಂದು ಮಕ್ಕಳು ಕೇಳಿದರೆ ಊರಿನ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಕೊಡಿ. ನಿಮಗಿಂತ ಚೆನ್ನಾಗಿ ಹೇಳುತ್ತಾರೆ.

ಗಣೇಶನ ಹಬ್ಬಕ್ಕೆ ಪಕ್ಕದ ಮನೆಯವರು ಕಡಬು ಕೊಡುತ್ತಾರೆ. ತಿನ್ನಬಹುದೇ ಎಂದು ಮಕ್ಕಳು ಕೇಳುತ್ತಾರೆ. — ಶಿವಮೊಗ್ಗ

ನೈವೇದ್ಯಕ್ಕೆ ಇಟ್ಟದ್ದರ ಬಗ್ಗೆ ಸಭೆಯಿಂದ ಸಭೆಗೆ ನಿಲುವು ಬೇರೆ. ಪೌಲನು 1 ಕೊರಿಂಥ 8 ಮತ್ತು 10ರಲ್ಲಿ ಚರ್ಚಿಸುವುದು ಹೆಚ್ಚುಕಡಿಮೆ ಇದನ್ನೇ. ಓದಿ, ಗಂಡಹೆಂಡತಿ ಹಬ್ಬಕ್ಕೆ ಮುಂಚೆಯೇ ಒಂದು ತೀರ್ಮಾನಕ್ಕೆ ಬನ್ನಿ. ಬಾಗಿಲಲ್ಲಿ ಪಕ್ಕದ ಮನೆಯ ಆಂಟಿ ಡಬ್ಬಿ ಹಿಡಿದು ನಿಂತಾಗ ಮಗುವಿನ ಬಾಯಿಂದ ಬೇಡ ಅನ್ನಿಸಬೇಡಿ. ಡಬ್ಬಿ ತೆಗೆದುಕೊಂಡು 'ಥ್ಯಾಂಕ್ಸ್ ಆಂಟಿ' ಎನ್ನುವುದು ಮಗುವಿನ ಪಾಲು, ಉಳಿದದ್ದು ನಿಮ್ಮದು. ಅವರ ಪೂಜೆಯನ್ನು ಆಡಿಕೊಂಡು ನಗುವ ಮಾತು ಮಾತ್ರ ನಿಮ್ಮ ಮನೆಯಲ್ಲಿ ಏಳಬಾರದು. ಡಬ್ಬಿಯನ್ನು ಖಾಲಿ ಹಿಂದಿರುಗಿಸಬೇಡಿ. ಕ್ರಿಸ್‌ಮಸ್‌ಗೆ ರೋಸ್ ಕುಕ್ಕಿ, ಕಲ್ಕಲ್ಸ್ ತುಂಬಿ ಕೊಟ್ಟು ಬರಲು ಮಕ್ಕಳನ್ನೇ ಕಳಿಸಿ.

ಕಾಣಿಕೆ ಚೀಲ ಬಂದಾಗ ಮಗುವಿನ ಕೈಗೆ ಹತ್ತು ರೂಪಾಯಿ ತುರುಕುತ್ತೇವೆ. ಇದರಿಂದ ಏನಾದರೂ ಕಲಿಯುತ್ತದೆಯೇ? — ಕೋಲಾರ

ಚೀಲಕ್ಕೆ ಕೈ ಹಾಕುವುದನ್ನು ಕಲಿಯುತ್ತದೆ, ಅಷ್ಟೇ. ಏಳು ದಾಟಿದ ಮಗುವಿಗೆ ವಾರಕ್ಕೆ ಇಪ್ಪತ್ತೋ ಮೂವತ್ತೋ ಕೈಖರ್ಚು ಕೊಡಿ, ಅದರಲ್ಲಿ ಎಷ್ಟು ಹಾಕಬೇಕೆಂದು ಶನಿವಾರ ರಾತ್ರಿ ಅದೇ ತೀರ್ಮಾನಿಸಲಿ. ಒಂದು ವಾರ ಏನೂ ಹಾಕದಿದ್ದರೆ ಕಣ್ಣು ಬಿಡಬೇಡಿ. ಚಿಕ್ಕವರಿಗೆ ಅಕ್ಕಿ ಸುಲಭ. ಮಿಜೋರಾಂನ ಕ್ರೈಸ್ತ ಮನೆಗಳಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಸಲ ಒಂದು ಹಿಡಿ ತೆಗೆದು ಸಭೆಗೆಂದು ಬೇರೆ ಇಡುತ್ತಾರೆ, ಅದಕ್ಕೆ ಅವರು ಬುಹ್‌ಫೈ ಥಾಮ್ ಎನ್ನುತ್ತಾರೆ. ನಮ್ಮಲ್ಲಿ ಅದು ರಾಗಿಯಾದರೂ ಆದೀತು. ಹಿಡಿ ಮಗುವಿನದೇ ಇರಲಿ. ಪುಟ್ಟ ಕೈಯ ಹಿಡಿಗೆ ಹತ್ತಿಪ್ಪತ್ತು ಗ್ರಾಂ ಬರುತ್ತದೆ, ದಿನಕ್ಕೆರಡು ಹಿಡಿಯಂತೆ ಒಂದು ಕಿಲೋ ಡಬ್ಬಿ ತುಂಬಲು ಒಂದೆರಡು ತಿಂಗಳು ಹಿಡಿಯಬಹುದು. ಡಬ್ಬಿಗೆ ಬೇವಿನೆಲೆ ಹಾಕಿಡಿ, ಹುಳು ಬೀಳುವುದಿಲ್ಲ. ತುಂಬಿದ ದಿನ ನೀವೇ ಚೀಲಕ್ಕೆ ಸುರಿದು ಕಳಿಸಬೇಡಿ. ಯಾರ ಮನೆಗೆ ಹೋಗಬೇಕೋ ಆ ಮನೆಯವರೆಗೆ ಡಬ್ಬಿಯನ್ನು ಮಗುವೇ ಎತ್ತಿಕೊಂಡು ನಿಮ್ಮ ಜೊತೆ ನಡೆದು ಬರಲಿ.